ಬಿಟ್ಟುಬಂದ ಬಾಣ

ಫೆಬ್ರವರಿಯ ಒಂದು ಬೆಳಿಗ್ಗೆ ಆರೂವರೆಗೆ ಬೆಂಗಳೂರಿನ ಯಾವುದಾದರೂ ಹಳೇ ಬಡಾವಣೆಯಲ್ಲಿ ಒಂದು ಸುತ್ತು ಹಾಕಿ ಬನ್ನಿ. ಹೊಂಗೆ ಮರಗಳು ಎಲೆ ಉದುರಿಸುವ ಕಾಲ ಅದು. ಗೇಟಿನ ಮುಂದೆ ಗುಡಿಸಿ, ಮೋರಿಯ ಪಕ್ಕಕ್ಕೆ ಗುಡ್ಡೆ ಹಾಕಿ, ಒಂದು ಕಡ್ಡಿ ಗೀರಿದರೆ ಕೆಲಸ ಮುಗಿಯಿತು. ನಮ್ಮ ಬೀದಿಯಲ್ಲಿ ಈ ಕೈಂಕರ್ಯ ನಡೆಸುವವರು ನಿವೃತ್ತ ಅಧಿಕಾರಿಯೊಬ್ಬರು. ಸಜ್ಜನರು, ಓದಿದವರು. "ಯಾಕೆ ಸಾರ್ ಸುಡ್ತೀರಿ?" ಅಂದರೆ, "ಕಸ ಅಲ್ವೇನ್ರೀ? ಬಿಟ್ರೆ ಸೊಳ್ಳೆ ಬರುತ್ತೆ. ಕ್ಲೀನ್ ಆಗ್ಲಿ" ಅನ್ನುತ್ತಾರೆ. ಅದೇ ವಾರ ಅವರ ಮನೆಗೆ ಕೊರಿಯರ್ ಹುಡುಗ ಐದು ಕಿಲೋದ ಒಂದು ಪ್ಯಾಕೆಟ್ ತಂದುಕೊಟ್ಟ. ತಾರಸಿಯ ಟೊಮೆಟೊ ಕುಂಡಗಳಿಗೆಂದು ತರಿಸಿದ್ದು. ಚೀಟಿಯ ಮೇಲೆ ಹಸಿರು ಅಕ್ಷರದಲ್ಲಿ ಅಚ್ಚಾಗಿತ್ತು: ಎಲೆಗೊಬ್ಬರ, ಹೊಂಗೆ ಹಿಂಡಿ ಬೆರೆಸಿದ್ದು.

ಕೆಳಗೆ ಹೊಂಗೆ ಸುಟ್ಟು ಮೇಲೆ ಹೊಂಗೆ ಕೊಳ್ಳುವ ಅವರನ್ನು ನೋಡಿ ನಗಲು ನನಗೆ ಬಾಯಿಲ್ಲ. ಹಸಿಕಸವನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಾಯಿಗೆ ಎರಡು ಗಂಟು ಬಿಗಿದು, ಗಾಡಿಗೆ ಎಸೆದು ಕೈತೊಳೆದುಕೊಂಡ ಎಷ್ಟೋ ವರ್ಷ ನನ್ನ ಲೆಕ್ಕದಲ್ಲೂ ಇವೆ. ಹಾಗಾಗಿ ಇಲ್ಲಿ ಬೈಸಿಕೊಳ್ಳುವವರ ಸಾಲಿನಲ್ಲಿ ಮೊದಲು ನಾನೇ ನಿಲ್ಲುತ್ತೇನೆ. ನೀವೂ ಬನ್ನಿ, ಜಾಗ ಧಾರಾಳವಾಗಿದೆ.

ಗೊತ್ತಿಲ್ಲದೆ ಮಾಡಿದ ತಪ್ಪು ಇದಾಗಿದ್ದರೆ ಕ್ಷಮೆ ಇರುತ್ತಿತ್ತು. ನಾವೆಲ್ಲ ಇದನ್ನು ಶಾಲೆಯಲ್ಲಿ ಓದಿ, ಬರೆದು, ಪಾಸಾದವರು. ಹುಲ್ಲು, ಮಿಡತೆ, ಕಪ್ಪೆ, ಹಾವು, ಹದ್ದು. ನಡುನಡುವೆ ಬಾಣದ ಗುರುತು. ಸ್ಕೇಲ್ ಇಟ್ಟು ಗೆರೆ ಎಳೆದು, ಬಣ್ಣದ ಪೆನ್ಸಿಲ್ ತೀಡಿ ಅಂಕ ಗಿಟ್ಟಿಸಿಕೊಂಡವರು. ಆ ಚಿತ್ರದಲ್ಲಿ ಇನ್ನೊಂದು ಬಾಣ ಇತ್ತು. ಹುಲ್ಲಿನಿಂದಲೂ ಹದ್ದಿನಿಂದಲೂ ಕೆಳಗಿಳಿದು, ಕೊಳೆಸುವ ಜೀವಿಗಳ ಮೂಲಕ ಮಣ್ಣಿಗೆ ಹೋಗಿ, ಅಲ್ಲಿಂದ ಮತ್ತೆ ಹುಲ್ಲಿಗೆ ಹತ್ತುವ ಬಾಣ. ಹೊತ್ತಾಯಿತು, ಅರ್ಧ ಅಂಕ ಹೋದರೆ ಹೋಗಲಿ ಎಂದು ಅದೊಂದನ್ನು ಬಿಟ್ಟುಬಂದೆವು. ಪರೀಕ್ಷೆ ಮುಗಿದು ದಶಕಗಳಾದವು. ಬಾಣ ಇನ್ನೂ ಬಾಕಿ ಇದೆ.

ಕಾಡಿರಲಿ ಕೆರೆಯಿರಲಿ, ಅಲ್ಲಿ ನಡೆಯುವುದು ಎರಡು ಲೆಕ್ಕ. ಒಂದು ಶಕ್ತಿಯದು, ಅದು ದಿನಗೂಲಿ. ಸೂರ್ಯ ದಿನಾ ಕೊಡುತ್ತಾನೆ, ಕೊಟ್ಟದ್ದು ಬದುಕಿನ ಖರ್ಚಿಗೆ ಸರಿಹೋಗುತ್ತದೆ, ಬಿಸಿಯಾಗಿ ಹೊರಬಿದ್ದದ್ದು ಮರಳಿ ಬರುವುದಿಲ್ಲ. ಇನ್ನೊಂದು ದ್ರವ್ಯದ ಲೆಕ್ಕ, ಅದು ಕೈಗಡ. ಸಾರಜನಕ, ರಂಜಕ, ಪೊಟ್ಯಾಷ್, ಸುಣ್ಣ ಇವನ್ನು ಯಾವ ಸೂರ್ಯನೂ ಬೆಳಿಗ್ಗೆ ಹೊತ್ತು ತರುವುದಿಲ್ಲ. ಭೂಮಿಯಲ್ಲಿ ಇದ್ದದ್ದು ಇಷ್ಟು. ಒಬ್ಬ ಬಳಸಿ ಇನ್ನೊಬ್ಬನಿಗೆ ದಾಟಿಸಬೇಕು. ಕೋಟ್ಯಂತರ ವರ್ಷ ಹಾಗೇ ನಡೆದಿದೆ. ಮಿಡತೆ ಹುಲ್ಲಿನಿಂದ ಪಡೆದದ್ದನ್ನು ಒಂದು ದಿನ ಮಣ್ಣಿಗೆ ವಾಪಸು ಇಟ್ಟೇ ಇಡುತ್ತದೆ. ಸಾಲ ಎತ್ತಿ ತಲೆತಪ್ಪಿಸಿಕೊಂಡು ಓಡಾಡುವ ಪ್ರಾಣಿ ಒಂದೇ. ಅದು ಮನೆ ಮುಂದೆ ರಂಗೋಲಿ ಹಾಕಿ, ಪಕ್ಕದಲ್ಲಿ ಎಲೆ ಸುಡುತ್ತದೆ.

ಈ ಲೆಕ್ಕವನ್ನು ಮೊದಲ ಸಲ ಶಿಸ್ತಾಗಿ ಬರೆದಿಟ್ಟವನು ರೇಮಂಡ್ ಲಿಂಡೆಮನ್ ಎಂಬ ಅಮೆರಿಕದ ಹುಡುಗ. ಮಿನೆಸೋಟದ ಸೀಡರ್ ಬಾಗ್ ಎಂಬ ಪುಟ್ಟ ಕೆರೆಯ ಪಾಚಿ, ಹುಳ, ಕೆಸರನ್ನೆಲ್ಲ ವರ್ಷಗಟ್ಟಲೆ ಅಳೆದು, ಶಕ್ತಿ ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಹೇಗೆ ದಾಟುತ್ತದೆ ಎಂದು ತೋರಿಸಿದ. ಪ್ರಬಂಧವನ್ನು ಪರಿಶೀಲಕರು ಮೊದಲು ಬೇಡವೆಂದರು. ಅದು 1942ರಲ್ಲಿ ಅಚ್ಚಾಗುವ ಹೊತ್ತಿಗೆ ಅವನು ತೀರಿಕೊಂಡಿದ್ದ, ವಯಸ್ಸು 26. ಆ ಹಾದಿಯಲ್ಲಿ ಮುಂದೆ ಸಿಕ್ಕ ಸ್ಥೂಲ ಸೂತ್ರ ಇದು: ಪ್ರತಿ ಮೆಟ್ಟಿಲಿನಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲು ಮಾತ್ರ ಮೇಲಕ್ಕೆ ಹೋಗುತ್ತದೆ. ಗಿಡಗಳಾದರೂ ತಮ್ಮ ಮೇಲೆ ಬಿದ್ದ ಬಿಸಿಲಿನಲ್ಲಿ ಹಿಡಿದಿಡುವುದು ಸಾಮಾನ್ಯವಾಗಿ ನೂರಕ್ಕೆ ಒಂದೆರಡು ಪಾಲು. ಅಷ್ಟು ಬಿಗಿಯಾದ ಕೂಲಿಯಲ್ಲಿ ನಡೆಯುವ ಸಂಸಾರ ಇದು. ದುಂದಿಗೆ ಇಲ್ಲಿ ಜಾಗವೇ ಇಲ್ಲ.

ಸಫಾರಿಗೆ ಹೋಗಿ ಹುಲಿಯ ಫೋಟೊ ತೆಗೆದು ಸ್ಟೇಟಸ್‌ಗೆ ಹಾಕುವವರು ಇಲ್ಲಿ ಒಂದು ನಿಮಿಷ ನಿಲ್ಲಬೇಕು. ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು ದಶಕಗಳ ಕಾಲ ನಡೆಸಿದ ಅಧ್ಯಯನಗಳಿಂದ ತಿಳಿದದ್ದು: ಒಂದು ಹುಲಿಗೆ ವರ್ಷಕ್ಕೆ ಜಿಂಕೆ ಗಾತ್ರದ ಸುಮಾರು 50 ಪ್ರಾಣಿ ಬೇಕು; ಬೇಟೆಯಿಂದ ಹಿಂಡು ಕರಗಿಹೋಗದೆ ಇರಬೇಕಾದರೆ ಆ ಕಾಡಿನಲ್ಲಿ ಅಂಥವು ಸುಮಾರು 500 ಇರಬೇಕು. ಆ 500ಕ್ಕೆ ಎಷ್ಟು ಹುಲ್ಲು, ಎಷ್ಟು ಚಿಗುರು? ಆ ಹುಲ್ಲಿಗೆ ಎಷ್ಟು ಲದ್ದಿ, ಎಷ್ಟು ತರಗೆಲೆ, ಅದನ್ನು ಮಣ್ಣಿಗೆ ಇಳಿಸಲು ಎಷ್ಟು ಗೆದ್ದಲು, ಎಷ್ಟು ಸಗಣಿ ಹುಳ? ಹುಲಿ ನಿಂತಿರುವುದು ಅವುಗಳ ಹೆಗಲ ಮೇಲೆ. ಹುಲಿ ಉಳಿಸಿ ಎಂದು ಅಂಗಿಯ ಮೇಲೆ ಬರೆಸಿಕೊಂಡು, ಮನೆಗೆ ಬಂದು ಗೆದ್ದಲಿಗೆ ಔಷಧಿ ಹೊಡೆಸಿ, ಅಂಗಳಕ್ಕೆ ಸಿಮೆಂಟ್ ಬಳಿಯುವ ನಮ್ಮ ವನ್ಯಪ್ರೇಮಕ್ಕೆ ಬೇರೆ ಹೆಸರು ಇಡಬೇಕು.

ಒಮ್ಮೆ ಕೂತು ನೋಡಿ. ಗುಡಿಸದೆ ಬಿಟ್ಟ ಹಳೇ ಹೊಂಗೆಯೋ ಮಾವೋ ಇರುವ ಕಡೆ ಮೊಣಕಾಲೂರಿ, ತರಗೆಲೆಯನ್ನು ಪದರ ಪದರವಾಗಿ ಎತ್ತಿ. ಮೇಲಿನದು ಗರಿಗರಿ, ಕೈಯಲ್ಲಿ ಹಿಡಿದರೆ ಹಪ್ಪಳದ ಸದ್ದು. ಅದರ ಕೆಳಗೆ ಕಂದುಬಣ್ಣದ ಎಲೆ, ನರಗಳ ಜಾಲರಿ ಮಾತ್ರ ಉಳಿದದ್ದು, ಬೆಳಕಿಗೆ ಹಿಡಿದರೆ ಕಸೂತಿಯಂತೆ ಕಾಣುತ್ತದೆ. ಅದರಡಿ ಎರಡು ಎಲೆ ಒಂದಕ್ಕೊಂದು ಅಂಟಿಕೊಂಡಿವೆ. ಬಿಡಿಸಿದರೆ ನಡುವೆ ಬಿಳೀ ದಾರ, ಶಿಲೀಂಧ್ರದ ಎಳೆ. ಬೆರಳು ತಾಗಿದ್ದೇ ಸಹಸ್ರಪದಿಯೊಂದು ಚಕ್ಕುಲಿಯಂತೆ ಸುರುಳಿಯಾಗಿ ಸತ್ತಂತೆ ನಟಿಸುತ್ತದೆ. ತೀರಾ ಅಡಿಯಲ್ಲಿ ಚಹಾಪುಡಿಯಂಥ ಕಪ್ಪು ಉದುರು ಮಣ್ಣು. ಮೂಗಿನ ಹತ್ತಿರ ತಂದರೆ ಮೊದಲ ಮಳೆಯ ವಾಸನೆ. ಮಣ್ಣಿನ ಸೂಕ್ಷ್ಮಾಣುಗಳು ತಯಾರಿಸುವ ವಾಸನೆ ಅದು. ಮೂರು ಇಂಚಿನೊಳಗೆ ಒಂದು ಕಾರ್ಖಾನೆ ನಡೆಯುತ್ತಿದೆ. ಕರೆಂಟ್ ಬಿಲ್ ಇಲ್ಲ, ಸಂಬಳ ಇಲ್ಲ, ಸದ್ದೂ ಇಲ್ಲ. ಎಲೆಯಲ್ಲಿ ಉಳಿದ ಬಿಸಿಲಿನ ಶಕ್ತಿಯೇ ಅವರ ಕೂಲಿ; ಅದನ್ನು ತಿಂದು ಅವರು ಬಿಡಿಸಿಕೊಡುವ ಸಾರಜನಕ, ರಂಜಕವೇ ಮರಕ್ಕೆ ಮುಂದಿನ ವರ್ಷದ ಬಂಡವಾಳ.

ಮರದ ಜುಗ್ಗತನ ಇನ್ನೂ ಒಂದು ಹೆಜ್ಜೆ ಮುಂದಿದೆ. ಎಲೆ ಹಳದಿಯಾಗುವುದನ್ನು ನಾವು ಮುಪ್ಪು ಎನ್ನುತ್ತೇವೆ. ಆ ಹೊತ್ತಿನಲ್ಲಿ ಮರ ಎಲೆಯೊಳಗಿನ ಹಸಿರನ್ನು ಕಳಚಿ, ಎಲೆಯ ಸಾರಜನಕ, ರಂಜಕದಲ್ಲಿ ಸರಿಸುಮಾರು ಅರ್ಧದಷ್ಟನ್ನು ಕೊಂಬೆಗೆ ಹಿಂದೆಗೆದುಕೊಳ್ಳುತ್ತಿರುತ್ತದೆ. ಕದ ಮುಚ್ಚುವ ಮುಂಚೆ ಮನೆಯ ಸಾಮಾನು ಒಳಗಿಡುವ ಹಾಗೆ. ಉಳಿದರ್ಧವನ್ನು ಮಣ್ಣಿನ ಬಾಕಿಗೆಂದು ಕೆಳಗೆ ಹಾಕುತ್ತದೆ. ನಮ್ಮ ಸಜ್ಜನರು ಕಡ್ಡಿ ಗೀರುವುದು ಆ ಬಾಕಿಗೆ. ಇಂಗಾಲವೂ ಸಾರಜನಕವೂ ಬಹುಪಾಲು ಹೊಗೆಯಾಗಿ ಪಕ್ಕದ ಮನೆಯ ಮಗುವಿನ ಎದೆಗೂಡಿಗೋ ಆಕಾಶಕ್ಕೋ ಹೋಗುತ್ತವೆ. ಬೂದಿಯಲ್ಲಿ ಉಳಿದ ಪೊಟ್ಯಾಷ್ ಮೊದಲ ಮಳೆಗೆ ಮೋರಿ ಸೇರುತ್ತದೆ. ಸಾವಿರಾರು ಜೀವಿಗಳಿಗೆ ತಿಂಗಳುಗಟ್ಟಲೆ ಊಟವಾಗಬೇಕಿದ್ದ ಶಕ್ತಿ ಹತ್ತು ನಿಮಿಷದಲ್ಲಿ ಬಿಸಿಯಾಗಿ ಮುಗಿಯುತ್ತದೆ. ಬೀದಿಯಲ್ಲಿ ಕಸ ಸುಡಬಾರದು ಎಂದು ಘನತ್ಯಾಜ್ಯ ನಿಯಮಗಳೇ ಹೇಳುತ್ತವೆ. ನಿಯಮ ಓದಿಯೇ ಸೇವೆ ಮುಗಿಸಿದವರಿಗೆ ಅದನ್ನು ನಾನು ಹೇಳಬೇಕೆ?

ಇದೆಲ್ಲ ಪೇಟೆಯವರ ಪಾಪ ಎಂದು ಊರಿನವರು ಜಗಲಿಯ ಮೇಲೆ ಕೂತು ತಲೆದೂಗುವಂತಿಲ್ಲ. ಕಬ್ಬು ಕಡಿದ ಮರುದಿನ ಬಯಲುಸೀಮೆಯ ಹೊಲಗಳಲ್ಲಿ ಏಳುವ ಹೊಗೆ ಯಾರದು? ರವದಿಯನ್ನು ಸಾಲಿಗೆ ಹಾಸಿದರೆ ನೀರೂ ಉಳಿಯುತ್ತದೆ, ನೆಲವೂ ಉಳಿಯುತ್ತದೆ ಎಂಬುದು ಗೊತ್ತಿಲ್ಲದ ರೈತರು ಈಗ ಕಡಿಮೆ. ಆದರೂ "ಯಾರ್ ಕೂತ್ಕಂಡ್ ಹಾಸ್ತಾರೆ, ಒಂದು ಕಡ್ಡಿ ಸಾಕು". ಸುಟ್ಟ ಮೇಲೆ ಯೂರಿಯಾಕ್ಕೆ ಸರದಿ ನಿಲ್ಲುತ್ತೇವೆ. 45 ಕಿಲೋದ ಒಂದು ಚೀಲದಲ್ಲಿ ಸಾರಜನಕ ಇರುವುದು ಸುಮಾರು 20 ಕಿಲೋ. ಎರಚಿದ್ದರಲ್ಲಿ ಬೆಳೆಗೆ ದಕ್ಕುವುದು ಸಾಮಾನ್ಯವಾಗಿ ಅರ್ಧಕ್ಕಿಂತ ಕಡಿಮೆ. ಉಳಿದದ್ದು ಗಾಳಿಗೆ, ಕಾಲುವೆಗೆ, ಬಾವಿಯ ನೀರಿಗೆ. ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕ ಇದ್ದರೂ ಅದನ್ನು ಹಿಡಿದು ಗೊಬ್ಬರ ಮಾಡಲು ಅನಿಲ ಸುಟ್ಟು ಕಾರ್ಖಾನೆ ಓಡಿಸಬೇಕು. ಹೊಲದಲ್ಲಿ ಪುಕ್ಕಟೆ ಇದ್ದದ್ದನ್ನು ಸುಟ್ಟು, ಅದನ್ನೇ ಇನ್ನೆಲ್ಲೋ ಬೆಂಕಿ ಹಾಕಿ ಮಾಡಿಸಿ, ಸಬ್ಸಿಡಿ ಕೊಟ್ಟು ತರಿಸಿ ಅರ್ಧ ಚೆಲ್ಲುವ ಈ ವ್ಯವಹಾರವನ್ನು ನಿಮ್ಮ ಅಜ್ಜನಿಗೆ ವಿವರಿಸಿ ನೋಡಿ.

ಅಜ್ಜನ ಹೆಸರೆತ್ತಿದ ಕೂಡಲೇ ಮಲೆನಾಡಿನವರು ಎದೆಯುಬ್ಬಿಸುತ್ತಾರೆ. ನಮ್ಮಲ್ಲಿ ಸೊಪ್ಪಿನ ಬೆಟ್ಟ ಇತ್ತು ಸ್ವಾಮಿ! ನಿಜ. ಉತ್ತರ ಕನ್ನಡದಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟ ಬಿಟ್ಟುಕೊಟ್ಟ ಪದ್ಧತಿ ಬ್ರಿಟಿಷರ ಕಾಲದಿಂದ ಇದೆ. ಬೆಟ್ಟದ ಸೊಪ್ಪು, ದರಕು ಕೊಟ್ಟಿಗೆಗೆ, ಹಸುವಿನ ಕಾಲ್ತುಳಿತಕ್ಕೆ ಸಿಕ್ಕಿ, ಸಗಣಿ ಗಂಜಲ ಹೀರಿ ಗೊಬ್ಬರಗುಂಡಿಗೆ, ಗುಂಡಿಯಿಂದ ತೋಟಕ್ಕೆ. ಚಂದದ ಸರಪಳಿ. ಆದರೆ ಬಾಣವನ್ನು ಸರಿಯಾಗಿ ನೋಡಿ: ಬೆಟ್ಟದಿಂದ ತೋಟಕ್ಕೆ ಹೋಯಿತು, ತೋಟದಿಂದ ಬೆಟ್ಟಕ್ಕೆ ಏನು ಬಂತು? ಮಂಡೆ ಬೋಳಿಸಿದ ಹಾಗೆ ವರ್ಷ ವರ್ಷ ಸವರಿಸಿಕೊಂಡ ಬೆಟ್ಟಗಳು ಎಷ್ಟೋ ಕಡೆ ಬಕ್ಕತಲೆಯಾದವು. ಈಗಂತೂ ಕೊಟ್ಟಿಗೆ ಬರಿದಾಗಿದೆ, ಬೆಟ್ಟಕ್ಕೇ ಅಡಿಕೆ ನೆಟ್ಟವರಿದ್ದಾರೆ, ಹಕ್ಕಿನ ಕಾಗದ ಮಾತ್ರ ಕಪಾಟಿನಲ್ಲಿ ಭದ್ರ. ಹಿರಿಯರು ಹಾಕಿದ್ದ ಗಂಟನ್ನು ಬಿಚ್ಚಿದವರಿಗೆ ಹಿರಿಯರ ಹೆಸರಿನಲ್ಲಿ ಹೆಮ್ಮೆಪಡುವ ಹಕ್ಕಿಲ್ಲ.

ಇನ್ನು ರಂಜಕ. ಸಾರಜನಕದ ಹಾಗೆ ಇದು ಗಾಳಿಯಲ್ಲಿ ಸಿಗುವುದಿಲ್ಲ, ಕಲ್ಲಿನಿಂದಲೇ ಬರಬೇಕು. ಒಳ್ಳೆಯ ರಂಜಕದ ಕಲ್ಲು ನಮ್ಮಲ್ಲಿ ಕಡಿಮೆ. ಮೊರಾಕ್ಕೊ, ಜೋರ್ಡಾನ್, ಈಜಿಪ್ಟ್‌ಗಳಿಂದ ಹಡಗೇರಿ ಬರುತ್ತದೆ. ಅದು ಗೊಬ್ಬರವಾಗಿ ಕೋಲಾರದ ಟೊಮೆಟೊ ಹೊಲಕ್ಕೆ ಬಿತ್ತೆನ್ನಿ. ಟೊಮೆಟೊ ಹಣ್ಣಾಗಿ, ಕ್ರೇಟಿನಲ್ಲಿ ಕೂತು, ಬೆಂಗಳೂರಿನ ಸಾರಿನ ಪಾತ್ರೆಗೆ ಬಂತು. ಬೆಳೆದ ದೇಹ ತಿಂದ ರಂಜಕವನ್ನು ಹೆಚ್ಚುಕಡಿಮೆ ಅಷ್ಟನ್ನೂ ಹೊರಹಾಕುತ್ತದೆ. ಕಮೋಡಿನ ಗುಂಡಿ ಒತ್ತಿದಿರಿ. ಸುಮಾರು 100 ಕಿಲೋಮೀಟರ್ ಆಚೆಯಿಂದ, ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪ್ ಮಾಡಿ ತಂದ ಕಾವೇರಿಯ ನೀರು ಅದನ್ನು ತಳ್ಳಿಕೊಂಡು ಹೋಯಿತು. ದಾರಿಯಲ್ಲಿ ಬಟ್ಟೆಸೋಪಿನ ನೀರು ಜೊತೆಯಾಯಿತು. ರಾಜಕಾಲುವೆ ಹಿಡಿದು ಬೆಳ್ಳಂದೂರು ತಲುಪಿತು. ಅಲ್ಲಿ ಅದಕ್ಕೆ ಕಾದಿದ್ದು ಅಂತರಗಂಗೆ. ಮೊರಾಕ್ಕೊದ ಕಲ್ಲು ತಿಂದು ಕೊಬ್ಬಿದ ಅಂತರಗಂಗೆ ಕೆರೆಯನ್ನೇ ಮುಚ್ಚಿತು, ಉಸಿರುಗಟ್ಟಿದ ನೀರಿನಡಿ ಕೊಳೆತ ಕೆಸರು ಮಿಥೇನ್ ಉಗುಳಿತು. ನೊರೆ ರಸ್ತೆಗೆ ಹಾರಿತು. 2015, 2017, 2018ರಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಹತ್ತಿತು. ಕೊನೆಯ ಸಲ ಆರಿಸಲು ಸೈನಿಕರು ಬರಬೇಕಾಯಿತು. ಕೆರೆಗೆ ಬೆಂಕಿ! ನಾವು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡೆವು, ಸರ್ಕಾರಕ್ಕೆ ಬೈದೆವು, ಮನೆಗೆ ಹೋಗಿ ಮತ್ತೆ ಗುಂಡಿ ಒತ್ತಿದೆವು.

ಹಿಂದೆ ಬೇಸಿಗೆಯಲ್ಲಿ ಕೆರೆಯ ಗೋಡನ್ನು ಗಾಡಿಗೆ ತುಂಬಿ ಹೊಲಕ್ಕೆ ಹಾಕುತ್ತಿದ್ದರು. ಊರಿನಿಂದ ಇಳಿದು ಬಂದ ಸಾರ ಹೊಲಕ್ಕೆ ಹತ್ತುತ್ತಿತ್ತು. ಬಿಟ್ಟುಬಂದ ಆ ಬಾಣ ಅಂದರೆ ಇದೇ. ಕಾರ್ಖಾನೆಯ ಭಾರಲೋಹ ಬೆರೆತ ನಗರದ ಗೋಡನ್ನು ಇವತ್ತು ಯಾವ ರೈತ ಮುಟ್ಟುತ್ತಾನೆ? ಹೀಗೆ ಸಾಲ ತೀರಿಸುವ ದಾರಿಗೂ ನಾವೇ ವಿಷ ಸುರಿದು ಬಂದಿದ್ದೇವೆ. ಬೆಳ್ಳಂದೂರು ಕಣಿವೆಯ ಸಂಸ್ಕರಿಸಿದ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ಹೋಗಲೇಬೇಕು, ಟೊಮೆಟೊ ಕೊಟ್ಟ ಊರಿಗೆ ನೀರಾದರೂ ವಾಪಸಾಗಲಿ. ಆದರೆ ಮೊದಲ ವರ್ಷವೇ ಅಲ್ಲೂ ನೊರೆ ಕಂಡಿತು. ಕೈಗಡ ತೀರಿಸುವಾಗ ಖೋಟಾ ನೋಟು ಕೊಡಬಾರದು.

ಹಸಿಕಸದ ಕಥೆಯೂ ಇದೇ ತಾಯಿಯ ಮಗಳು. ಬೆಂಗಳೂರಿನ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ಹಸಿ. ಅದನ್ನು ಚೀಲದಲ್ಲಿ ಗಂಟು ಕಟ್ಟಿ ಮಾವಳ್ಳಿಪುರಕ್ಕೆ ಸುರಿದೆವು, 2012ರಲ್ಲಿ ಅಲ್ಲಿನವರು ಸಾಕು ಎಂದರು. ಮಂಡೂರಿಗೆ ಸುರಿದೆವು, 2014ರಲ್ಲಿ ಅವರೂ ರಸ್ತೆಗಿಳಿದರು. "ಆಚೆ ಹಾಕು" ಎನ್ನುವುದು ನಮ್ಮ ಮನೆಗಳಲ್ಲಿ ದಿನಕ್ಕೆ ಹತ್ತು ಸಲ ಕೇಳುವ ಮಾತು. ಆ ಆಚೆಗೆ ಒಂದು ಹೆಸರಿದೆ, ಅಲ್ಲಿ ಒಂದು ಶಾಲೆಯಿದೆ, ಬಾವಿಯಿದೆ, ಬಾವಿಗೆ ಇಳಿದ ಕಪ್ಪು ರಸವಿದೆ.

ಇನ್ನು ನಮ್ಮ ಎಲ್ಲ ಪಕ್ಷಗಳ ನಾಯಕರಿಗೂ ಬಾಯಿಪಾಠವಾದ ಒಂದು ಸಾಲು: "ನದಿ ನೀರು ಸಮುದ್ರಕ್ಕೆ ಸೇರಿ ವ್ಯರ್ಥವಾಗುತ್ತಿದೆ." ಚಪ್ಪಾಳೆ ತಟ್ಟುವವರು ನಾವು. ಕುಮಟಾದ ಹತ್ತಿರ, ಅಣೆಕಟ್ಟಿಲ್ಲದೆ ಹರಿಯುವ ಅಘನಾಶಿನಿಯ ಅಳಿವೆಗೆ ಇಳಿತದ ಹೊತ್ತಿನಲ್ಲಿ ಹೋಗಿ ನೋಡಿ. ಮೊಣಕಾಲುದ್ದದ ಕೆಸರಿನಲ್ಲಿ ಬಗ್ಗಿ ಹೆಂಗಸರು ಬೆಳಚು ಎಂಬ ಚಿಪ್ಪುಮೀನು ಆಯುತ್ತಿರುತ್ತಾರೆ. ಘಟ್ಟದ ದರಕು ಕೊಳೆತು ಕರಗಿದ ಸಾರ, ಮಳೆ ಹೊತ್ತು ತಂದ ಮಣ್ಣು, ಉಪ್ಪುನೀರಿನ ಏರಿಳಿತ, ಕಾಂಡ್ಲಾ ಗಿಡದ ಎಲೆ ಎಲ್ಲ ಸೇರಿದರೆ ಆ ಒಂದು ಬುಟ್ಟಿ ಬೆಳಚು. 2024ರಲ್ಲಿ ಇದು ರಾಮ್ಸಾರ್ ತಾಣವೂ ಆಯಿತು. ಪಕ್ಕದ ಶರಾವತಿಯಲ್ಲಿ ಜಲವಿದ್ಯುತ್ ಯೋಜನೆಗಳ ಸಿಹಿನೀರು ವರ್ಷವಿಡೀ ಇಳಿದು ಉಪ್ಪಿನ ಹದ ತಪ್ಪಿತು, ಅಳಿವೆಯ ಬೆಳಚು ಕರಗಿಹೋಯಿತು. ಸಮುದ್ರಕ್ಕೆ ಸೇರುವ ನೀರು ವ್ಯರ್ಥ ಎನ್ನುವವರು ಮುಂದಿನ ಸಲ ಮೀನು ಊಟಕ್ಕೆ ಕೂತಾಗ ತಟ್ಟೆಯನ್ನು ಕೇಳಲಿ.

ಕೊಳೆಸುವವರನ್ನು, ಶುಚಿ ಮಾಡುವವರನ್ನು ಕಂಡು ಹೇಸಿದರೆ ಏನಾಗುತ್ತದೆ ಎಂಬುದಕ್ಕೆ ರಣಹದ್ದು ಸಾಕ್ಷಿ. ದನಗಳಿಗೆ ಕೊಟ್ಟ ಡೈಕ್ಲೊಫೆನಾಕ್ ಎಂಬ ನೋವಿನ ಔಷಧಿ ಸತ್ತ ದನದ ಮಾಂಸದಿಂದ ಅವುಗಳ ಮೂತ್ರಪಿಂಡಕ್ಕೆ ಹೋಯಿತು. ಕಾರಣ ಗೊತ್ತಾದದ್ದು 2004ರಲ್ಲಿ, ದನಗಳಿಗೆ ಕೊಡುವುದನ್ನು ನಿಷೇಧಿಸಿದ್ದು 2006ರಲ್ಲಿ. ಅಷ್ಟರಲ್ಲಿ ಭಾರತದ ಬಿಳಿಬೆನ್ನಿನ ರಣಹದ್ದುಗಳಲ್ಲಿ ನೂರಕ್ಕೆ 99ಕ್ಕಿಂತ ಹೆಚ್ಚು ಇಲ್ಲವಾಗಿದ್ದವು. ರಾಮದೇವರ ಬೆಟ್ಟದಲ್ಲಿ ಉದ್ದ ಕೊಕ್ಕಿನವು ಬೆರಳೆಣಿಕೆಯಷ್ಟು ಉಳಿದ ಮೇಲೆ ಧಾಮ ಅಂತ ಬೋರ್ಡು ನೆಟ್ಟಿದ್ದೇವೆ. ಅಪಶಕುನ ಎಂದು ಬೈದ ಹಕ್ಕಿ ಹೋದ ಮೇಲೆ ಊರಾಚೆಯ ಹೆಣ ಯಾರು ಎತ್ತಬೇಕೆಂದು ತೋಚದೆ ಮೂಗು ಮುಚ್ಚಿಕೊಂಡಿದ್ದೇವೆ.

ನಿಮ್ಮ ನೆಪಗಳು ನನಗೆ ಗೊತ್ತು, ಅವು ನನ್ನವೂ ಆಗಿದ್ದವು. "ನಾನೊಬ್ಬ ಮಾಡಿದ್ರೆ ಏನಾಗುತ್ತೆ?" ಹಾಳು ಮಾಡುವಾಗ ಈ ಪ್ರಶ್ನೆ ಯಾರಿಗೂ ಹುಟ್ಟಲಿಲ್ಲ. "ಟೈಮ್ ಎಲ್ಲಿದೆ?" ಎಲೆ ಸುಡಲು ಇದ್ದ ಟೈಮು ಗುಂಡಿಗೆ ತಳ್ಳಲೂ ಸಾಕು. "ವಾಸನೆ ಬರುತ್ತೆ." ಹಸಿಕಸದ ಮೇಲೆ ಎರಡು ಹಿಡಿ ಒಣ ಎಲೆ ಹರಡಿದರೆ ಬರುವುದಿಲ್ಲ, ಆ ಎರಡು ಹಿಡಿಯನ್ನೇ ನೀವು ಸುಟ್ಟದ್ದು. "ನಮ್ಮ ಸಂಸ್ಕೃತಿಯಲ್ಲಿ ಪಂಚಭೂತಗಳನ್ನ ಪೂಜಿಸ್ತೀವಿ." ಪೂಜಿಸಿ, ಅಭ್ಯಂತರವಿಲ್ಲ. ಪೂಜೆ ಮುಗಿದ ಮೇಲೆ ಹೂವನ್ನು ಪ್ಲಾಸ್ಟಿಕ್ ಕವರ್ ಸಮೇತ ಕೆರೆಗೆ ಎಸೆಯಬೇಡಿ.

ಯುಗಾದಿಗೆ ಮುಂಚೆ ನಮ್ಮ ಬೀದಿಯ ಹೊಂಗೆಗಳು ಚಿಗುರಿದವು. ಆ ಎಳೆ ಹಸಿರನ್ನು ನಮ್ಮ ಸಜ್ಜನರು ತಾರಸಿಯಿಂದ ಫೋಟೊ ತೆಗೆದು ಬಡಾವಣೆಯ ಗುಂಪಿಗೆ ಹಾಕಿದರು. ನಲವತ್ತು ಜನ ಕೈಮುಗಿದ ಚಿತ್ರ ಕಳಿಸಿದರು. ಮರದ ಬುಡದಲ್ಲಿ ಸುಟ್ಟ ಕರಿಯ ವೃತ್ತ ಇನ್ನೂ ಹಾಗೇ ಇತ್ತು, ಫೋಟೊದ ಚೌಕಟ್ಟಿಗೆ ಬಂದಿರಲಿಲ್ಲ. ಕೊಂಬೆಗೆ ಹಿಂದೆಗೆದುಕೊಂಡಿದ್ದ ಅರ್ಧ ಗಂಟಿನಲ್ಲಿ ಈ ವರ್ಷದ ಚಿಗುರು ಹೊರಟಿದೆ. ಉಳಿದರ್ಧ ನಮ್ಮಿಂದ ಬರಬೇಕು. ಬುಡದ ಕಾಂಕ್ರೀಟು ಒಡೆಸಿ, ಸುತ್ತ ಮೂರಡಿ ಅಗಲದ ಪಾತಿ ಬಿಟ್ಟು, ಬಿದ್ದ ಎಲೆಯನ್ನು ಪೊರಕೆಯಿಂದ ಅದರೊಳಕ್ಕೆ ತಳ್ಳಿದರೆ ಬಿಟ್ಟುಬಂದ ಬಾಣ ಬರೆದಂತಾಗುತ್ತದೆ. ಅರ್ಧ ಅಂಕದ ಕೆಲಸ ಅದು. ಅಷ್ಟೂ ಮಾಡಲಾರದವರು ಬೆಂಕಿಪೊಟ್ಟಣವನ್ನಾದರೂ ದೇವರ ಮನೆಯಲ್ಲೇ ಬಿಟ್ಟು ಬನ್ನಿ.